ಜಿಲ್ಲೆಯ ಗ್ರಂಥಪಾಲಕರನ್ನು ಒಂದೆಡೆ ಸೇರಿಸಿದ್ದು: ರಾಜಶೇಖರ್ ಸರ್ ತೋರಿದ ದಾರಿ, ನನ್ನ ಅನುಭವ

"ಪ್ರಶ್ನೆ ಕೇಳೋಕೆ ಎಲ್ಲರೂ ಬರ್ತಾರೆ ಸರ್, ಉತ್ತರ ಕೊಡೋಕೆ ಒಬ್ಬರೂ ಇರಲ್ಲ" ಎಂದು ನಕ್ಕವರು ಈಗ ಜಿಲ್ಲೆಯ ಗ್ರಂಥಪಾಲಕರ ನಮ್ಮ ವಾಟ್ಸಾಪ್ ಗುಂಪಿನಲ್ಲೇ ಕಾಲೇಜು ಮೌಲ್ಯಮಾಪನದ ನ್ಯಾಕ್ ಫಾರ್ಮ್ಯಾಟ್ ಕೇಳುತ್ತಾರೆ. ಕೊಡುತ್ತೇವೆ, ಹೆಚ್ಚಿನ ಸಲ ಅದೇ ಸಂಜೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯೋಚನೆ ನನ್ನದಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ (ಭಾರತೀಯ ವಿಜ್ಞಾನ ಸಂಸ್ಥೆಯ) ವಿಜ್ಞಾನ ಮಾಹಿತಿ ಕೇಂದ್ರ ಎನ್‌ಸಿಎಸ್‌ಐನಲ್ಲಿದ್ದ ಡಾ. ಟಿ. ಬಿ. ರಾಜಶೇಖರ್ ಅವರನ್ನು ನಮ್ಮ ವೃತ್ತಿಯ ಹಳಬರೆಲ್ಲ ಬಲ್ಲರು. ಗ್ರಂಥಪಾಲಕರ ಇಮೇಲ್ ಚರ್ಚಾ ಗುಂಪು ಲಿಸ್-ಫೋರಂ ಅಲ್ಲಿಂದ ಶುರುವಾದದ್ದು 1995ರಲ್ಲಿ. ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಟ್ಟದ್ದೂ ಅದೇ ವರ್ಷ. ನಮ್ಮ ಕಾಲೇಜುಗಳಲ್ಲಿ ಆಗ ಇಮೇಲ್ ಎಂದರೆ ಪ್ರಿನ್ಸಿಪಾಲರಿಗೂ ಗೊತ್ತಿರಲಿಲ್ಲ. 2002ರಲ್ಲಿ ಇಪ್ರಿಂಟ್ಸ್ ತಂತ್ರಾಂಶ ಹಾಕಿ, ಸಂಸ್ಥೆಯ ಸಂಶೋಧನಾ ಪ್ರಬಂಧಗಳನ್ನು ಆನ್‌ಲೈನ್‌ನಲ್ಲಿಡುವ ದೇಶದ ಮೊದಲ ಸಾಂಸ್ಥಿಕ ಭಂಡಾರವನ್ನು ನಿಲ್ಲಿಸಿದ್ದೂ ಅದೇ ಕೇಂದ್ರ. 2005ರಲ್ಲಿ ರಾಜಶೇಖರ್ ಸರ್ ಹೋಗಿಬಿಟ್ಟರು. ನಾನು ಅವರ ಪಕ್ಕದಲ್ಲಿ ಕೂತು ಕೆಲಸ ಮಾಡಿದವನಲ್ಲ, ಸಾವಿರಾರು ಸದಸ್ಯರಲ್ಲಿ ಒಬ್ಬ. ಆದರೂ ಆ ಸುದ್ದಿ ಬಂದಾಗ ಮನೆಯ ಹಿರಿಯರು ಹೋದ ಹಾಗಾಯಿತು.

ಅವರು ಹೋದ ಮೇಲೆ ತಾಲ್ಲೂಕು ಕಾಲೇಜುಗಳಿಗೆಂದು ಕನ್ನಡದಲ್ಲೇ ಲಿಸ್-ಫೋರಂನಂಥದ್ದೊಂದು ಬೇಕು ಅನ್ನಿಸಿ ಯಾಹೂ ಇಮೇಲ್ ಗುಂಪು ಮಾಡಿದೆ. ಸೈಬರ್ ಕೆಫೆ ಗಂಟೆಗೆ ಇಪ್ಪತ್ತೋ ಇಪ್ಪತ್ತೈದೋ ರೂಪಾಯಿ. ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಇಮೇಲ್ ಖಾತೆ ತೆರೆಸಿದ ಖರ್ಚು, ಚಹಾ ಸೇರಿ, ಎರಡು ಮೂರು ಸಾವಿರ ನನ್ನ ಜೇಬಿನದೇ. ಖಾತೆ ತೆರೆದವರು ಪಾಸ್‌ವರ್ಡ್ ಮರೆತರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ ಪತ್ರಗಳು ಆ ಕಡೆ ಇಂಗ್ಲಿಷ್ ಅಕ್ಷರಗಳ ಕಸವಾಗಿ ಇಳಿದವು. ಆಮೇಲೆ ವೆಬ್‌ಸೈಟ್. ಡೊಮೇನ್, ಹೋಸ್ಟಿಂಗ್ ಎಂದು ವರ್ಷಕ್ಕೆ ಏಳೆಂಟು ಸಾವಿರ ಹೋಯಿತು. ನೋಂದಾಯಿಸಿದವರಲ್ಲಿ ಗ್ರಂಥಪಾಲಕರಿಗಿಂತ ರಷ್ಯಾದ ಔಷಧಿ ಮಾರುವವರೇ ಹೆಚ್ಚು. ಮನೆಯಲ್ಲಿ ಲೆಕ್ಕ ಕೇಳಿದಾಗ ಮುಚ್ಚಿದೆ.

ವಾಟ್ಸಾಪ್ ಬಂದಾಗ ಗೆದ್ದೆ ಅಂದುಕೊಂಡೆ. ಜನ ಸೇರಿದರು, ನಿಜ. ಬೆಳಗಾದರೆ ಗುಲಾಬಿ ಹೂವು, ಮಧ್ಯಾಹ್ನ ವೇತನ ಆಯೋಗದ ಗಾಳಿಸುದ್ದಿ, ಸಂಜೆ ನಿವೃತ್ತಿ ಶುಭಾಶಯ. ನಡುವೆ ಯಾರೋ ಪಾಪ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ಬಾರ್‌ಕೋಡ್ ಲೇಬಲ್ ಅಳತೆ ತಪ್ಪುತ್ತಿದೆ ಎಂದು ಕೇಳಿದ್ದು ಇಪ್ಪತ್ತು ಹೂಗಳ ಕೆಳಗೆ ಹೂತುಹೋಗುತ್ತಿತ್ತು. ಲಿಸ್-ಫೋರಂನ ಜೀವ ಎಲ್ಲಿತ್ತು ಎಂದು ಆಗ ಹೊಳೆಯಿತು. ಒಳಗೆ ಬರುವ ಪ್ರತಿ ಪತ್ರವನ್ನು ಒಬ್ಬ ಮನುಷ್ಯ ಓದಿ ನೋಡಿ ಗುಂಪಿಗೆ ಬಿಡುತ್ತಿದ್ದ. ನಾವು ಆ ಮನುಷ್ಯನನ್ನೇ ಬಿಟ್ಟು ಯಂತ್ರವನ್ನಷ್ಟೇ ತಂದಿದ್ದೆವು.

2018ರಲ್ಲಿ ಅಡ್ಮಿನ್ ಮಾತ್ರ ಬರೆಯುವ ಸೌಲಭ್ಯ ಬಂದದ್ದೇ ತಡ, ಎಲ್ಲರ ಬಾಯಿಗೆ ಬೀಗ ಹಾಕಿದೆ. ಬೈಗುಳ ಬಂತು, ಹತ್ತಿಪ್ಪತ್ತು ಜನ ಬಿಟ್ಟು ಹೋದರು, ಹೋಗಲಿ. ಪ್ರಶ್ನೆ ನನಗೆ ಬರಬೇಕು. ತಂತ್ರಾಂಶ ಕೋಹಾವೋ ಸೋಲ್‌ವೋ ಇ-ಗ್ರಂಥಾಲಯವೋ, ಯಾವ ಆವೃತ್ತಿ, ಜೊತೆಗೆ ಪರದೆಯ ಫೋಟೋ. ನಾನು ನಂಬರ್ ಹಾಕಿ ಗುಂಪಿಗೆ ಬಿಡುತ್ತೇನೆ. ಉತ್ತರವೂ ನನಗೇ. ರಾತ್ರಿ ಎಂಟರ ಹೊತ್ತಿಗೆ ಎಲ್ಲವನ್ನೂ ಸೋಸಿ ಒಂದೇ ಸಂದೇಶ, ಕೊನೆಯಲ್ಲಿ ಉತ್ತರ ಕೊಟ್ಟವರ ಹೆಸರು, ಊರು. ಆ ಹೆಸರಿಗಿರುವ ಬಲ ಹಣಕ್ಕಿಲ್ಲ. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಕೊಡುವ ಎನ್-ಲಿಸ್ಟ್ ಯೋಜನೆಯ ಪಾಸ್‌ವರ್ಡ್ ಹಂಚಿ ಎಂದವರನ್ನು ಮಾತ್ರ ಅಂದೇ ಹೊರಗೆ ಕಳಿಸಿದೆ. ಆಗ ವರ್ಷಕ್ಕೆ ಆರು ಸಾವಿರದೊಳಗಿದ್ದ ಅದರ ಶುಲ್ಕ ಕಟ್ಟಲಾಗದ ಕಾಲೇಜು ವಾರ್ಷಿಕೋತ್ಸವದ ಪೆಂಡಾಲಿಗೆ ಎಷ್ಟು ಕೊಡುತ್ತಿತ್ತು, ನಿಮಗೂ ಗೊತ್ತು.

ಸುಮ್ಮನೆ ಕೂರುವವರಿಂದ ಉತ್ತರ ಹೊರಡಿಸಲು ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಗುಂಪಿನವರೇ ಓದಿ ಎಚ್ಚರವಾಗುತ್ತಾರೆ.

ನಡುವೆ ಒಂದು ಹುಚ್ಚು ಹತ್ತಿತು. ಹಳೆಯ ಪ್ರಶ್ನೋತ್ತರಗಳನ್ನೆಲ್ಲ ಗ್ರೀನ್‌ಸ್ಟೋನ್ ಎಂಬ ಡಿಜಿಟಲ್ ಗ್ರಂಥಾಲಯ ತಂತ್ರಾಂಶಕ್ಕೆ ಹಾಕಿ ಹುಡುಕುವಂತೆ ಮಾಡೋಣ ಎಂದು ಬೇಸಿಗೆ ರಜೆ ಪೂರ್ತಿ ಕೂತೆ. ಅರ್ಧ ನುಡಿ, ಅರ್ಧ ಯೂನಿಕೋಡ್. ಪರಿವರ್ತಿಸಿದರೆ ಒತ್ತಕ್ಷರ ಅಲ್ಲಲ್ಲಿ ಒಡೆಯಿತು. ಕೋಹಾ, ಕೊಹಾ, ಕೋಹ ಎಂದು ಒಬ್ಬೊಬ್ಬರದು ಒಂದೊಂದು ಬರಹ, ಒಂದು ಹುಡುಕಿದರೆ ಇನ್ನೊಂದು ಸಿಗದು. ಕೊನೆಗೆ ಎಕ್ಸೆಲ್ ತೆರೆದು ಪ್ರತಿ ಪ್ರಶ್ನೆಗೂ ಕೈಯಿಂದಲೇ ವಿಷಯ ಶೀರ್ಷಿಕೆ ಹಾಕಿದೆ. ಜೀವನವಿಡೀ ಪುಸ್ತಕಕ್ಕೆ ಮಾಡಿದ ಕೆಲಸವೇ. ಏಳೆಂಟು ನೂರು ಸಾಲು ಇರಬಹುದು. ಹೊಸ ಪ್ರಶ್ನೆಗಳಲ್ಲಿ ಮೂರರಲ್ಲಿ ಒಂದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಈಗಿನ ಖರ್ಚು ನನ್ನ ಮೊಬೈಲ್ ರೀಚಾರ್ಜ್ ಅಷ್ಟೇ. ಪರೀಕ್ಷೆ ಡ್ಯೂಟಿ ಬಂದಾಗ ಪಕ್ಕದ ತಾಲ್ಲೂಕಿನ ಮೇಡಂ ಒಬ್ಬರು ಅಡ್ಮಿನ್ ಕೆಲಸ ನೋಡುತ್ತಾರೆ. ಅವರು ರಾತ್ರಿ ಎಂಟರವರೆಗೆ ಕಾಯುವುದಿಲ್ಲ, ಬಂದ ಉತ್ತರವನ್ನು ಬಂದ ಹಾಗೇ ಬಿಡುತ್ತಾರೆ. "ಕಾಯಿಸಿದ್ರೆ ಅವರ ಕೆಲಸ ನಿಲ್ಲುತ್ತೆ ಸರ್" ಎನ್ನುವುದು ಅವರ ವಾದ. "ಸೋಸದೆ ಬಿಟ್ರೆ ಮೂರು ಉತ್ತರ ಮೂರು ದಿಕ್ಕಿಗೆ ಎಳೆಯುತ್ತೆ ಮೇಡಂ" ಎನ್ನುವುದು ನನ್ನದು. ಈ ಜಗಳ ಇನ್ನೂ ನಡೆದಿದೆ.