ಯಾತ್ರೆ ಮುಗಿಸಿ ಬಂದವರು ದಿನ ಎಣಿಸಬೇಕು

ಪಂಢರಪುರ, ಕಾಶಿ, ಶ್ರೀಶೈಲ, ಹಜ್, ಉಮ್ರಾ ಎಲ್ಲಿಂದಲೇ ಬರಲಿ, ಮನೆ ಮುಟ್ಟಿದ ತಾರೀಖಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ. ಆಮೇಲೆ ಜ್ವರವೋ ಭೇದಿಯೋ ಆದರೆ, ಎಲ್ಲಿಗೆ ಹೋಗಿದ್ದಿರಿ, ಬಂದು ಎಷ್ಟು ದಿನವಾಯಿತು ಎಂಬುದನ್ನೇ ಡಾಕ್ಟರಿಗೆ ಮೊದಲು ಹೇಳಿ. ರೋಗಾಣು ಮೈ ಹೊಕ್ಕ ಮೇಲೆ ಕಾಲರಾ 5 ದಿನದೊಳಗೆ ಕಾಣಿಸುತ್ತದೆ, ಡೆಂಗಿ 4ರಿಂದ 10 ದಿನಕ್ಕೆ, ಟೈಫಾಯ್ಡ್ ಸಾಮಾನ್ಯವಾಗಿ 1ರಿಂದ 3 ವಾರಕ್ಕೆ. ಹೊಲಸು ನೀರಿನಿಂದ ಬರುವ ಕಾಮಾಲೆ ತಿಂಗಳು ಕಳೆದ ಮೇಲೂ ಬಂದೀತು.

ಹೆಚ್ಚು ಜನ ಸೋಲುವುದು ಭೇದಿಗೆ. ಒಆರ್‌ಎಸ್‌ನ ದೊಡ್ಡ ಪೊಟ್ಟಣಕ್ಕೆ ಕಾಯಿಸಿ ಆರಿಸಿದ ನೀರು ಪೂರ್ತಿ 1 ಲೀಟರ್ ಬೇಕು. ಲೋಟದ ನೀರಿಗೆ ಅಂದಾಜಿನ ಮೇಲೆ ಪುಡಿ ಸುರಿದರೆ ದ್ರಾವಣ ಗಟ್ಟಿಯಾಗಿ, ಕರುಳಿಗೆ ನೀರು ಎಳೆದುಕೊಂಡು ಭೇದಿ ಹೆಚ್ಚುತ್ತದೆ. ಪೊಟ್ಟಣ ಸಿಗದಿದ್ದರೆ 1 ಲೀಟರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚದ ಮೇಲಿನ ಗೋಪುರ ಬೆರಳಿನಿಂದ ಸವರಿ ಸಮ ಮಾಡಿ. 24 ಗಂಟೆ ದಾಟಿದರೆ ಚೆಲ್ಲಿ. ವಾಂತಿಯಾದರೆ 10 ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಕೊಡಿ. ಅಕ್ಕಿ ತೊಳೆದ ನೀರಿನಂತೆ ಭೇದಿ, ಒಳಗಿಳಿದ ಕಣ್ಣು, 6 ಗಂಟೆಯಿಂದ ಮೂತ್ರವಿಲ್ಲ ಅಂದರೆ 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಕುಡಿಸುತ್ತಲೇ ಇರಿ.

ಜ್ವರಕ್ಕೆ ಮೆಡಿಕಲ್ ಅಂಗಡಿಯ ಆಂಟಿಬಯೋಟಿಕ್ ನುಂಗಬೇಡಿ. ನುಂಗಿದ ಮೇಲೆ, ರೋಗಾಣು ಬೆಳೆಸಿ ನೋಡುವ ರಕ್ತದ ಕಲ್ಚರ್‌ನಲ್ಲಿ ಟೈಫಾಯ್ಡ್ ರೋಗಾಣು ಬೆಳೆಯದೆ ಹೋಗಬಹುದು. ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ.

ಕಾಶಿ ಸಮಾರಾಧನೆಗೆ ಅವಸರ ಬೇಡ. ಭೇದಿಯಾಗಿದ್ದವರು ಅದು ನಿಂತು ಪೂರ್ತಿ 2 ದಿನವಾಗುವ ತನಕ ಹೂರಣಕ್ಕೂ ಕೈ ಹಚ್ಚಬಾರದು, ಬಡಿಸಲೂಬಾರದು. ಗಂಗಾಜಲವನ್ನು ಪ್ರೋಕ್ಷಣೆ ಮಾಡಿ ಸಾಕು, ಕೂಸುಗಳ ಬಾಯಿಗೆ ಬಿಡಬೇಡಿ. ಹಾಜಿಗಳನ್ನು ನೋಡಲು ಬಂದವರಿಗೆ ಜಮ್‌ಜಮ್ ನೀರನ್ನು ಒಂದೇ ಬಟ್ಟಲಿನಲ್ಲಿ ಸುತ್ತು ಹಾಕದೆ ಬೇರೆ ಬೇರೆ ಲೋಟದಲ್ಲಿ ಕೊಡಿ. ಕೆಮ್ಮಿದ್ದರೆ ಮಾಸ್ಕ್ ಇರಲಿ, ಅಪ್ಪುಗೆ ಇನ್ನೊಂದು ದಿನಕ್ಕಾಗಲಿ.

ಸೌದಿಯಿಂದ ಬಂದು 14 ದಿನದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಆದರೆ ಮೆರ್ಸ್ (ಒಂಟೆಗಳಿಂದಲೂ ಅಂಟುವ, ಶ್ವಾಸಕೋಶದ ವೈರಸ್ ರೋಗ) ಇದೆಯೇ ಎಂದು ನೋಡಬೇಕಾಗುತ್ತದೆ. ಒಂಟೆಯ ಹಸಿ ಹಾಲು ಕುಡಿದಿದ್ದರೆ ಅದನ್ನೂ ಬಚ್ಚಿಡಬೇಡಿ. ಹಜ್‌ಗೆ ಮುಂಚೆ ಹಾಕಿಸಿದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಲಸಿಕೆ ಕಾಯುವುದು ಹಾಕಿಸಿಕೊಂಡವರನ್ನು. ಅವರ ಗಂಟಲಿನಲ್ಲಿ ಕೂತು ಬಂದ ರೋಗಾಣು ಮನೆಯವರಿಗೆ ದಾಟಬಹುದು. ಮನೆಯಲ್ಲಿ ಯಾರಿಗೇ ಆಗಲಿ ಜ್ವರದ ಜೊತೆ ತಲೆ ಸಿಡಿದು ಕುತ್ತಿಗೆ ಸೆಟೆದರೆ ಬೆಳಗಾಗಲಿ ಎಂದು ಕಾಯದೆ, ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವುದು ಹತ್ತಿರವೋ ಅಲ್ಲಿಗೆ ಕರೆದೊಯ್ಯಿರಿ.

ಕೆಮ್ಮು 2 ವಾರ ದಾಟಿತೇ? ಕಫ ಪರೀಕ್ಷೆಗೆ ಕೊಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ.