ಖಾತ್ರಿ ಆದಾಯ: ಎಷ್ಟು ಕೊಡೋದು ಅನ್ನೋದಕ್ಕಿಂತ ಎಷ್ಟು ಮುರಿಯೋದು ಮುಖ್ಯ

ಬಡವರಿಗೆ ಖಾತ್ರಿ ಆದಾಯ ಕೊಡುವ ಯೋಜನೆಯ ಕರಡು ಬರೆಯುವ ಕೆಲಸ ನನಗೆ ಬಂತು. ಎಲ್ಲರೂ ಮೊದಲು ಕೇಳಿದ್ದು, ‘ತಿಂಗಳಿಗೆ ಎಷ್ಟು?’ ಅಂತ. ನಾನು ಶುರು ಮಾಡಿದ್ದು ಇನ್ನೊಂದು ತುದಿಯಿಂದ. ಅವರು ಸ್ವಂತವಾಗಿ 100 ದುಡಿದರೆ ನಾವು ಕೊಡುವುದರಲ್ಲಿ ಎಷ್ಟು ಮುರಿಯಬೇಕು?

ಎಕ್ಸೆಲ್‌ನಲ್ಲಿ ತಿಂಗಳ ಖಾತ್ರಿ ಮೊತ್ತ 6000 ಅಂತ ಹಾಕಿದೆ. ದುಡಿದ 100ಕ್ಕೆ 100 ಮುರಿದರೆ, 5000 ದುಡಿದವರ ಕೈಗೂ 6000, ಸುಮ್ನೆ ಕೂತವರ ಕೈಗೂ 6000. ಕೆಲಸಕ್ಕೆ ಯಾಕಾದರೂ ಹೋಗಬೇಕು, ಅಲ್ವಾ? 50 ಮುರಿದರೆ, 5000 ದುಡಿದವರಿಗೆ ನಮ್ಮಿಂದ 3500, ಒಟ್ಟು 8500. ಆದರೆ ನೆರವು ಪೂರ್ತಿ ನಿಲ್ಲುವುದು ದುಡಿಮೆ 12000 ಮುಟ್ಟಿದಾಗ. 30 ಮುರಿದರೆ ಆ ಗಡಿ 20000ಕ್ಕೆ ಹೋಗುತ್ತದೆ. ಗಡಿ ಮೇಲೆ ಹೋದಷ್ಟೂ ಪಟ್ಟಿ ಬೆಳೆಯುತ್ತದೆ, ಖರ್ಚೂ ಜಾಸ್ತಿ. ಹಣಕಾಸಿನವರು ಗೊಣಗುವುದು ಇಲ್ಲೇ.

ನಾನು 50ಕ್ಕೆ ನಿಂತೆ. ಕೆನಡಾದ ಮ್ಯಾನಿಟೋಬಾದಲ್ಲಿ 1970ರ ದಶಕದಲ್ಲಿ ನಡೆದ ಖಾತ್ರಿ ಆದಾಯದ ‘ಮಿನ್‌ಕಮ್’ ಪ್ರಯೋಗ ನನ್ನ ಕಣ್ಣ ಮುಂದಿತ್ತು. ಅಲ್ಲಿನ ಡಾಫಿನ್ ಪಟ್ಟಣದಲ್ಲಿ ಒಂದು ಡಾಲರ್ ದುಡಿದರೆ 50 ಸೆಂಟ್ ಮುರಿಯುತ್ತಿದ್ದರು. ಅಲ್ಲಿ ಆಸ್ಪತ್ರೆ ಸೇರುವವರ ಪ್ರಮಾಣ ಶೇ 8.5ರಷ್ಟು ತಗ್ಗಿತ್ತು ಅಂತ ಅರ್ಥಶಾಸ್ತ್ರಜ್ಞೆ ಎವಲಿನ್ ಫರ್ಜೆ ಎಷ್ಟೋ ವರ್ಷಗಳ ನಂತರ ಹಳೆಯ ದಾಖಲೆ ತೆಗೆದು ತೋರಿಸಿದರು. ಫಿನ್‌ಲೆಂಡ್ 2017-18ರಲ್ಲಿ 2000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊ ಕೊಟ್ಟಿತು. ಕೆಲಸ ಸಿಕ್ಕರೂ ಮುರಿಯಲಿಲ್ಲ. ನಡೆಸೋಕೆ ಅದು ಸುಲಭ. ಆದರೆ ಹಾಗೆ ಇಡೀ ದೇಶಕ್ಕೆ ಕೊಟ್ಟರೆ ಉಳ್ಳವರ ಪಾಲನ್ನು ತೆರಿಗೆಯಲ್ಲಿ ವಾಪಸ್ ತಗೊಳ್ಳಲೇಬೇಕು. ಅದೂ ಒಂದು ಕಡಿತವೇ.

ತಲೆ ತಿಂದದ್ದು ದಿನಗೂಲಿಯವರ ಲೆಕ್ಕ. ಒಂದು ತಿಂಗಳು ಕೈತುಂಬಾ ಕೆಲಸ, ಮುಂದಿನ ತಿಂಗಳು ಖಾಲಿ. ಹಿಂದಿನ ತಿಂಗಳ ಗಳಿಕೆ ನೋಡಿ ಮುರಿದರೆ, ಕೆಲಸ ಇಲ್ಲದ ತಿಂಗಳಲ್ಲೇ ನಮ್ಮ ದುಡ್ಡೂ ಕಮ್ಮಿ ಬರುತ್ತದೆ. ಅದಕ್ಕೇ ವರ್ಷದ ಅಂದಾಜು ಹಿಡಿದು ಪ್ರತಿ ತಿಂಗಳೂ ಒಂದೇ ಮೊತ್ತ, ವರ್ಷಕ್ಕೊಮ್ಮೆ ಪರಿಶೀಲನೆ ಅಂತ ಬರೆದೆ.

ಇನ್ನು ದುಡ್ಡು ಯಾರ ಖಾತೆಗೆ? ‘ಮನೆಗೊಂದು ಖಾತೆ ಸಾಕಲ್ವಾ ಮೇಡಂ?’ ಅಂದರು ಒಬ್ಬರು. ನಾನು ಒಪ್ಪಲಿಲ್ಲ. ಆದಾಯ ಅಳೆಯುವುದು ಮನೆಯ ಲೆಕ್ಕದಲ್ಲಿ, ಇಲ್ಲದಿದ್ದರೆ ಸಿರಿವಂತನ ಹೆಂಡತಿಗೂ ಪೂರ್ತಿ ಮೊತ್ತ ಹೋಗುತ್ತದೆ. ದುಡ್ಡು ಮಾತ್ರ ಒಬ್ಬೊಬ್ಬರ ಖಾತೆಗೇ ಹೋಗಬೇಕು, ಮಕ್ಕಳ ಪಾಲು ತಾಯಿಗೆ. ಇದಕ್ಕೆ ಕೊನೆಗೂ ಒಪ್ಪಿದರು. ಅಂದಾಜಿಗಿಂತ ಜಾಸ್ತಿ ದುಡಿದವರಿಂದ ಹಿಂದಿನ ದುಡ್ಡು ವಾಪಸ್ ಕೇಳುವಂತಿಲ್ಲ ಅನ್ನುವ ಸಾಲಿನ ಮೇಲೆ ಜಗಳ ಇನ್ನೂ ನಡೀತಾ ಇದೆ. ಆ ಸಾಲನ್ನು ನಾನು ಬಿಡುವುದಿಲ್ಲ.