ಯಾರಿಗೆ ಯಾರು ಅನ್ನ: ಮಕ್ಕಳೊಂದಿಗೆ ಗದ್ದೆಯಲ್ಲಿ ಪೋಷಣಾ ಸ್ತರಗಳನ್ನು ಓದುವ ಬಗೆ

ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಆಹಾರ ಸರಪಳಿಗೆ ಉದಾಹರಣೆ ಕೊಡಿ ಎಂದರೆ ಉತ್ತರ ಪತ್ರಿಕೆಗಳಲ್ಲೆಲ್ಲ ಇದೇ ಐದು ಹೆಸರು, ಇದೇ ಕ್ರಮ. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಪ್ರೌಢಶಾಲೆಯೊಂದರಲ್ಲಿ 26 ವರ್ಷ ವಿಜ್ಞಾನ ಕಲಿಸಿದವಳು ನಾನು. ಒಂದು ದಿನ ತರಗತಿಯಲ್ಲಿ ಕೇಳಿದೆ: ಒಂದು ಜೀವ ಇನ್ನೊಂದನ್ನು ತಿನ್ನುವುದನ್ನು ಕಣ್ಣಾರೆ ಕಂಡವರು ಹೇಳಿ, ಪುಸ್ತಕದ್ದು ಬೇಡ. ಉಳುವ ಟ್ರ್ಯಾಕ್ಟರಿನ ಹಿಂದೆ ಹುಳು ಹೆಕ್ಕುವ ಬೆಳ್ಳಕ್ಕಿ, ಎಮ್ಮೆಯ ಬೆನ್ನಿನಿಂದ ಹಾರಿ ಕೀಟ ಹಿಡಿಯುವ ಕಾಜಾಣ, ನಾಲೆಯ ಬದಿಯಲ್ಲಿ ಶಂಖದ ಹುಳುವನ್ನು ಹೊರಗೆಳೆಯುವ ಬಾಯ್ಕಳಕ ಕೊಕ್ಕರೆ, ಜೇಡರ ಬಲೆಯ ಸೊಳ್ಳೆ. ಕಪ್ಪು ಹಲಗೆ ತುಂಬಿಹೋಯಿತು. ಇಷ್ಟೆಲ್ಲ ಬಲ್ಲ ಮಕ್ಕಳು ಪರೀಕ್ಷೆಯಲ್ಲಿ ಐದೇ ಹೆಸರು ಬರೆಯುತ್ತಿದ್ದರು ಎಂಬುದು ನನಗೆ ನೋವಿನ ಸಂಗತಿಯಾಗಿತ್ತು. ಅಂದಿನಿಂದ ಪ್ರತಿ ಮುಂಗಾರಿನಲ್ಲೂ ಈ ಪಾಠವನ್ನು ಗದ್ದೆಯ ಬದುವಿನ ಮೇಲೆಯೇ ಮಾಡಿದೆ. ಶಿಕ್ಷಕರಿಗೂ, ಮನೆಯಲ್ಲಿ ಮಕ್ಕಳಿರುವವರಿಗೂ ಆ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ನಾಟಿಯಾಗಿ ಮೂರು ನಾಲ್ಕು ವಾರವಾದ, ನೀರು ನಿಂತಿರುವ ಗದ್ದೆಯನ್ನು ಆರಿಸಿಕೊಳ್ಳಿ. ಗದ್ದೆಯವರ ಒಪ್ಪಿಗೆ ಮೊದಲು, ಮಿಕ್ಕದ್ದೆಲ್ಲ ಆಮೇಲೆ. ಔಷಧಿ ಹೊಡೆದಿದ್ದಾರೆಯೇ, ಯಾವಾಗ ಹೊಡೆದರು ಎಂದು ಕೇಳಿ. ಹೊಡೆದು ಹೆಚ್ಚು ದಿನವಾಗಿಲ್ಲದಿದ್ದರೆ ಬೇರೆ ಗದ್ದೆ ನೋಡಿಕೊಳ್ಳಿ. ಮಕ್ಕಳು ನೀರಿಗೆ ಕೈ ಹಾಕುವವರು. ನಾಲ್ಕು ಮೀಟರ್ ಹಗ್ಗ, ಊಟದ ಬಿಳಿ ತಟ್ಟೆ, ಟೀ ಸೋಸುವ ಜರಡಿ, ಒಂದು ಭೂತಕನ್ನಡಿ, ನೋಟುಪುಸ್ತಕ ಇದ್ದರೆ ಸಾಕು. ಬೆಳಿಗ್ಗೆ ಆರೂವರೆಗೆ ಹೋಗಿ. ಬಿಸಿಲೇರಿದರೆ ಕೀಟಗಳು ಚುರುಕಾಗಿ ಕೈಗೆ ಸಿಗುವುದಿಲ್ಲ. ದೊಡ್ಡವರೊಬ್ಬರು ಕೋಲಿನಿಂದ ಬದುವನ್ನು ತಟ್ಟುತ್ತಾ ಮುಂದೆ ನಡೆಯಲಿ, ಮಕ್ಕಳು ಅವರ ಹೆಜ್ಜೆಯಲ್ಲೇ ಹೆಜ್ಜೆ ಇಡಲಿ. ಬಿಲ, ಪೊಟರೆಗಳಿಗೆ ಯಾರೂ ಕೈ ಹಾಕಬಾರದು.

ಬರೆಯುವ ಮೊದಲು ಬಾಣದ ವಿಷಯ. ಮಕ್ಕಳು ತಪ್ಪುವುದೇ ಇಲ್ಲಿ. “ಕಪ್ಪೆ ಮಿಡತೆಯನ್ನು ತಿನ್ನುತ್ತದೆ” ಎನ್ನುವಾಗ ಕಪ್ಪೆ ಮೊದಲು ಬರುವುದರಿಂದ ಬಾಣವನ್ನು ಕಪ್ಪೆಯಿಂದ ಮಿಡತೆಯ ಕಡೆಗೆ ಎಳೆದುಬಿಡುತ್ತಾರೆ. ಬಾಣ ತೋರಿಸಬೇಕಾದದ್ದು ಯಾರು ಯಾರನ್ನು ಹಿಡಿದರು ಎಂಬುದನ್ನಲ್ಲ, ಅನ್ನ ಯಾವ ಕಡೆಗೆ ಹೋಯಿತು ಎಂಬುದನ್ನು. ಇದಕ್ಕೆ ನಮ್ಮ ವ್ಯಾಕರಣವೇ ನೆರವಾಗುತ್ತದೆ. ಚತುರ್ಥೀ ವಿಭಕ್ತಿಯಲ್ಲಿ ಹೇಳಿಸಿ: ಪೈರು ಮಿಡತೆಗೆ, ಮಿಡತೆ ಕಪ್ಪೆಗೆ, ಕಪ್ಪೆ ಕೇರೆಹಾವಿಗೆ. ‘ಗೆ’ ಎಲ್ಲಿ ಬಂತೋ ಅಲ್ಲಿ ಬಾಣದ ಮೊನೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಇದನ್ನು ಕೇಳಿದವಳೇ “ಹಾಗಾದರೆ ಬಿಸಿಲು ಪೈರಿಗೆ, ಅಲ್ಲವೇ ಮಿಸ್?” ಎಂದಳು. ಸರಪಳಿಯ ಮೊದಲ ಕೊಂಡಿಯನ್ನು ನಾನು ಹೇಳಿಕೊಡುವ ಅಗತ್ಯವೇ ಉಳಿಯಲಿಲ್ಲ.

ಈಗ ಹಗ್ಗವನ್ನು ಒಂದು ಮೀಟರ್ ಚೌಕವಾಗಿ ಪೈರಿನ ಮೇಲೆ ಹಾಸಿ. ಐದು ನಿಮಿಷ ಎಲ್ಲರೂ ಅಲುಗಾಡದೆ ನೋಡಬೇಕು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆಯಲಿ. ಏನು ತಿನ್ನುತ್ತಿದೆ ಎಂಬುದೇ ಮುಖ್ಯ. ಆಹಾರ ಸರಪಳಿಯಲ್ಲಿ ಒಂದು ಜೀವ ನಿಲ್ಲುವ ಮೆಟ್ಟಿಲೇ ಅದರ ಪೋಷಣಾ ಸ್ತರ. ತಾವೇ ಅನ್ನ ತಯಾರಿಸಿಕೊಳ್ಳುವ ಪೈರು, ಕಳೆ, ಪಾಚಿ, ಅಜೋಲಾಗಳು ಮೊದಲ ಸ್ತರ. ಎಲೆ ಸುರುಳಿ ಹುಳು, ಕಾಂಡ ಕೊರೆಯುವ ಹುಳು, ಬುಡದಲ್ಲಿ ಕುಳಿತು ರಸ ಹೀರುವ ಕಂದು ಜಿಗಿಹುಳು ಎರಡನೆಯ ಸ್ತರ. ಜೇಡ, ಗುಲಗಂಜಿ ಹುಳು, ಏರೋಪ್ಲೇನ್ ಚಿಟ್ಟೆ, ಕಪ್ಪೆ ಮೂರನೆಯ ಸ್ತರ ಎಂದು ಸದ್ಯಕ್ಕೆ ಬರೆದುಕೊಳ್ಳಿ. ಸದ್ಯಕ್ಕೆ ಎಂದದ್ದಕ್ಕೆ ಕಾರಣವಿದೆ: ಜೇಡವನ್ನು ತಿಂದ ಕಪ್ಪೆ ಆ ಊಟದ ಮಟ್ಟಿಗೆ ನಾಲ್ಕಕ್ಕೆ ಏರುತ್ತದೆ.

ನನ್ನ ಇಡೀ ಪಾಠವನ್ನು ತಿರುಗಿಸಿದ್ದು ಈ ಚೌಕದಲ್ಲಿ ಕಂಡ ಒಂದು ಒಗಟು. ನಾಟಿಯಾಗಿ ಹೆಚ್ಚು ದಿನವಾಗಿರಲಿಲ್ಲ. ಮಕ್ಕಳು ಎಣಿಸಿದಾಗ ಜೇಡಗಳು ಸಾಕಷ್ಟಿದ್ದವು, ಪೈರು ತಿನ್ನುವ ಹುಳುಗಳು ಹುಡುಕಿದರೂ ಕಡಿಮೆ. ತಿನ್ನುವವರು ಹೆಚ್ಚು, ತಿನ್ನಿಸಿಕೊಳ್ಳುವವರು ಕಡಿಮೆ ಎಂದರೆ ಜೇಡ ಬದುಕಿರುವುದು ಯಾವುದರ ಮೇಲೆ? ಉತ್ತರ ಕಾಲ ಕೆಳಗಿನ ನೀರಿನಲ್ಲಿದೆ. ಜರಡಿಯಿಂದ ಕೆಸರಿನ ಮೇಲ್ಪದರವನ್ನು ಎತ್ತಿ ಬಿಳಿ ತಟ್ಟೆಗೆ ಸುರಿಯಿರಿ, ತಿಳಿಯಾಗಲು ಬಿಡಿ. ದಾರದ ತುಂಡುಗಳಂತೆ ನುಲಿಯುವ ಸಣ್ಣ ಹುಳುಗಳು ಕಾಣುತ್ತವೆ. ಇವು ಕಚ್ಚದ ನೊಣಜಾತಿಯ ಮರಿಗಳು. ಕೊಳೆತ ಹಳೆಯ ಕೂಳೆ, ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳೇ ಇವಕ್ಕೆ ಆಹಾರ. ರೆಕ್ಕೆ ಬಂದು ಮೇಲೆದ್ದಾಗ ಜೇಡದ ಬಾಯಿಗೆ ಬೀಳುತ್ತವೆ. ಅಂದರೆ ಸತ್ತ ಕೂಳೆಯಿಂದ ಹೊರಟ ಸರಪಳಿಯೊಂದು ಪೈರಿನ ಕಾವಲುಗಾರರನ್ನು ಮೊದಲೇ ಸಾಕಿ ಇಟ್ಟಿರುತ್ತದೆ. ಜಿಗಿಹುಳು ಬರುವ ಹೊತ್ತಿಗೆ ಜೇಡ ಕಾದು ಕುಳಿತಿರುತ್ತದೆ. ಇಂಡೊನೇಷ್ಯಾದ ಜಾವಾ ದ್ವೀಪದ ಭತ್ತದ ಗದ್ದೆಗಳಲ್ಲಿ 1990ರ ದಶಕದಲ್ಲಿ ವಿಜ್ಞಾನಿಗಳು ಇದನ್ನೇ ವಿವರವಾಗಿ ಅಳೆದು ತೋರಿಸಿದರು.

ಇದನ್ನು ತಿಳಿದ ಮೇಲೆ, ಹುಳು ಕಾಣುವ ಮುಂಚೆಯೇ ಔಷಧಿ ಹೊಡೆದರೆ ಏನಾಗುತ್ತದೆ ಎಂದು ಮಕ್ಕಳೇ ಹೇಳಬಲ್ಲರು. ಮೊದಲು ಸಾಯುವುದು ಕಾವಲು. ಜಿಗಿಹುಳುವಿನ ಮೊಟ್ಟೆಗಳು ಪೈರಿನ ಒಳಗೆ ಸುರಕ್ಷಿತವಾಗಿರುತ್ತವೆ, ಒಡೆದು ಬಂದ ಮರಿಗಳನ್ನು ತಿನ್ನಲು ಯಾರೂ ಇರುವುದಿಲ್ಲ. ಇಂಡೊನೇಷ್ಯಾದಲ್ಲಿ ಕಂದು ಜಿಗಿಹುಳು ಹೀಗೆಯೇ ಮತ್ತೆ ಮತ್ತೆ ಉಕ್ಕಿ, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಬೇಕಾಯಿತು. ನಮ್ಮಲ್ಲಿ ಕಪ್ಪೆಯದೂ ಇಂಥದೇ ಕಥೆ. ಕಪ್ಪೆ ಕಾಲುಗಳನ್ನು ವಿದೇಶಕ್ಕೆ ಕಳಿಸುವ ವ್ಯಾಪಾರ ಭಾರತದಲ್ಲಿ ಜೋರಾಗಿ ನಡೆಯುತ್ತಿತ್ತು. 1987ರಲ್ಲಿ ಅದನ್ನು ನಿಷೇಧಿಸಲಾಯಿತು. ಗದ್ದೆಯ ಕೀಟ ತಿನ್ನುವವರನ್ನು ಮಾರಿ ಕೀಟನಾಶಕ ಕೊಳ್ಳುವುದು ಎಂಥ ಲೆಕ್ಕ ಎಂದು ಮಕ್ಕಳನ್ನು ಕೇಳಿ, ಅವರ ಉತ್ತರಗಳನ್ನು ಬರೆಸಿ.

ಪಠ್ಯದ ಚಿತ್ರದಲ್ಲಿ, ಸತ್ತದ್ದನ್ನು ಕೊಳೆಸುವ ವಿಘಟಕಗಳನ್ನು ಮೂಲೆಯಲ್ಲಿ ಒಂದು ಅಣಬೆಯಾಗಿ ಬರೆದು ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ನೋಟುಪುಸ್ತಕದಲ್ಲಿ ಎರಡು ಸರಪಳಿಗಳಿರಲಿ: ಹಸಿರು ಎಲೆಯಿಂದ ಹೊರಡುವುದಕ್ಕೆ ಹಸಿರು ಬಣ್ಣ, ಸತ್ತ ಎಲೆ, ಸಗಣಿಯಿಂದ ಹೊರಡುವುದಕ್ಕೆ ಕಂದು. ಎರಡೂ ಎಲ್ಲಿ ಕೂಡುತ್ತವೆ ಎಂದು ಗುರುತು ಹಾಕಿಸಿ. ಗದ್ದೆಯಲ್ಲಿ ಆ ಕೂಡುತಾಣ ಬಹುಮಟ್ಟಿಗೆ ಜೇಡವೇ.

ಎರಡನೆಯ ದಿನದ ಕೆಲಸಕ್ಕೆ ಗೂಬೆ ಬೇಕು. ಪಾಳುಬಿದ್ದ ಮಂಟಪ, ಹಳೆಯ ನೀರಿನ ತೊಟ್ಟಿ, ಬಳಕೆಯಿಲ್ಲದ ಗೋದಾಮುಗಳಲ್ಲಿ ಬಿಳಿ ಹೃದಯಾಕಾರದ ಮುಖದ ಕಣಜ ಗೂಬೆ ಇರುತ್ತದೆ. ಅದು ಇಲಿಯನ್ನು ಇಡಿಯಾಗಿ ನುಂಗಿ, ಕರಗದ ಮೂಳೆ, ಕೂದಲುಗಳನ್ನು ಉಂಡೆ ಕಟ್ಟಿ ಬಾಯಿಂದ ಹೊರಹಾಕುತ್ತದೆ. ಗೂಡಿನ ಹತ್ತಿರ ಹೋಗಬೇಡಿ; ಗೂಬೆಗಳು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅದು ಇರುವ ಜಾಗವನ್ನು ಸಿಕ್ಕಸಿಕ್ಕವರಿಗೆ ಹೇಳಲೂ ಬೇಡಿ. ಮಾಟಮಂತ್ರದ ಹೆಸರಿನಲ್ಲಿ ಗೂಬೆ ಹಿಡಿಯುವವರು ಇಂದಿಗೂ ಇದ್ದಾರೆ. ಕೆಳಗೆ ಬಿದ್ದು ಒಣಗಿದ ಉಂಡೆಗಳನ್ನು ಮಾತ್ರ ಕೈಗವಸು, ಮುಖಗವಸು ಹಾಕಿಕೊಂಡು ಆರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಲ್ಲುಕಡ್ಡಿಯಿಂದ ಬಿಡಿಸಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮರೆಯಬಾರದು.

ತಲೆಬುರುಡೆಗಳನ್ನು ಎರಡು ಗುಂಪು ಮಾಡಿ. ಮುಂದೆ ಉಳಿಯಂಥ ಹಳದಿ ಹಲ್ಲು, ಅದರ ಹಿಂದೆ ಖಾಲಿ ಜಾಗ, ಆಮೇಲೆ ದವಡೆ ಹಲ್ಲು ಇದ್ದರೆ ಇಲಿ. ಖಾಲಿ ಜಾಗವಿಲ್ಲದೆ ಸಾಲಾಗಿ ಚೂಪಾದ ಬಿಳಿ ಹಲ್ಲುಗಳಿದ್ದರೆ ಸುಂಡಿಲಿ. ಹೆಸರಿನಲ್ಲಿ ಇಲಿ ಇದ್ದರೂ ಸುಂಡಿಲಿ ಇಲಿಯ ಬಳಗದ್ದಲ್ಲ. ಅದು ಮುಖ್ಯವಾಗಿ ಹುಳುಹುಪ್ಪಟೆ ತಿನ್ನುವ ಪ್ರಾಣಿ. ಹೀಗಾಗಿ ಭತ್ತ ತಿನ್ನುವ ಇಲಿಗೆ 2, ಸುಂಡಿಲಿಗೆ 3 ಎಂದು ಅಂಕೆ ಕೊಡಿ. ಇನ್ನು ಲೆಕ್ಕ. ಹತ್ತು ಬುರುಡೆಗಳಲ್ಲಿ ಏಳು ಇಲಿ, ಮೂರು ಸುಂಡಿಲಿ ಎಂದುಕೊಳ್ಳೋಣ. ಏಳೆರಡಲ ಹದಿನಾಲ್ಕು, ಮೂರುಮೂರಲ ಒಂಬತ್ತು, ಕೂಡಿದರೆ 23. ಹತ್ತರಿಂದ ಭಾಗಿಸಿದರೆ 2.3. ತಿಂದ ಆಹಾರದ ಸರಾಸರಿಗೆ ಒಂದು ಕೂಡಿದರೆ ತಿಂದವನ ಸ್ತರ: ಆ ಗೂಬೆ 3.3ರಲ್ಲಿದೆ. ಸ್ತರವೆಂದರೆ ಮೆಟ್ಟಿಲು ಎಂದು ಕಲಿತ ಮಕ್ಕಳಿಗೆ, ಎರಡು ಮೆಟ್ಟಿಲ ನಡುವೆ ನಿಲ್ಲುವ ಪ್ರಾಣಿಯಿದೆ ಎಂಬುದು ಬೆರಗಿನ ಸಂಗತಿ. ಬೇರೆಬೇರೆ ಸ್ತರಗಳ ಆಹಾರ ತಿನ್ನುವ ಪ್ರಾಣಿಗಳು ನಿಲ್ಲುವುದು ಅಲ್ಲಿಯೇ.

ಇದೇ ಲೆಕ್ಕವನ್ನು ಅಂದು ರಾತ್ರಿಯ ತಟ್ಟೆಗೂ ಮಾಡಿಸಿ. ಮುದ್ದೆ, ಸೊಪ್ಪಿನ ಸಾರು, ಅನ್ನ ಒಂದನೆಯ ಸ್ತರ. ಹಸು ಎರಡನೆಯದಾದ್ದರಿಂದ ಹಾಲು, ಮಜ್ಜಿಗೆ ಎರಡು. ಊಟದಲ್ಲಿ ಒಂಬತ್ತು ಪಾಲು ಗಿಡದ್ದು, ಒಂದು ಪಾಲು ಹಾಲಿನದಾದರೆ ಉಂಡವರು 2.1ರಲ್ಲಿರುತ್ತಾರೆ. ಜಗತ್ತಿನ ಮನುಷ್ಯರೆಲ್ಲರ ಸರಾಸರಿ 2.21 ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಮೀನು ತಿನ್ನುವ ಮನೆಗಳಲ್ಲಿ ಲೆಕ್ಕಕ್ಕೆ ಇನ್ನೂ ರುಚಿ ಬರುತ್ತದೆ. ಹುಲ್ಲುಗೆಂಡೆ ನೀರಿನ ಕಳೆಯನ್ನು ಮೇಯುತ್ತದೆ, ಕಾಟ್ಲಾ ಮುಖ್ಯವಾಗಿ ನೀರಿನ ಮೇಲ್ಪದರದ ಸೂಕ್ಷ್ಮ ಪ್ರಾಣಿಗಳನ್ನು ಸೋಸಿ ತಿನ್ನುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು. ಒಂದೇ ಕೆರೆಗೆ ಈ ಜಾತಿಗಳನ್ನು ಒಟ್ಟಿಗೆ ಬಿಡುವ ಮಿಶ್ರ ಮೀನು ಸಾಕಣೆ ನಿಂತಿರುವುದೇ ಈ ಬೇರೆಬೇರೆ ಊಟದ ಮೇಲೆ.

ಉಳಿದದ್ದು ಶಕ್ತಿಯ ಮಾತು. ಒಂದು ಸ್ತರದ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಮೇಲಕ್ಕೆ ಹೋಗುತ್ತದೆ ಎಂದು ಕಲಿಸುತ್ತೇವೆ. ಈ ಲೆಕ್ಕಕ್ಕೆ ದಾರಿ ಮಾಡಿದ ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್, ಮಿನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಸರೋವರದಲ್ಲಿ ವರ್ಷಗಟ್ಟಲೆ ಅಳೆದು ಬರೆದ ಪ್ರಬಂಧ 1942ರಲ್ಲಿ ಅಚ್ಚಾಯಿತು. ಅಚ್ಚಾಗುವ ಕೆಲವು ತಿಂಗಳ ಮೊದಲು, 27 ತುಂಬುವ ಮುನ್ನವೇ ಆತ ತೀರಿಕೊಂಡಿದ್ದ. ಅವನ ಹೆಸರನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದೆ. ಹತ್ತರಲ್ಲೊಂದು ಎಂಬುದು ಸರಾಸರಿ ಮಾತ್ರ ಎಂಬುದನ್ನೂ ಹೇಳಿ; ಅವನ ಸರೋವರದಲ್ಲೇ ಅದು ಸ್ತರದಿಂದ ಸ್ತರಕ್ಕೆ ಬೇರೆಯಾಗಿತ್ತು.

ಮಿಕ್ಕ ಒಂಬತ್ತು ಪಾಲು ಎಲ್ಲಿ ಹೋಗುತ್ತದೆ ಎಂದು ತೋರಿಸಲು ರೇಷ್ಮೆ ಮನೆಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಹುಳುಗಳು ತಮ್ಮ ಜೀವಮಾನದ ಸೊಪ್ಪಿನಲ್ಲಿ ಬಹುಪಾಲನ್ನು ಕೊನೆಯ ಒಂದು ವಾರದಲ್ಲಿ ತಿನ್ನುತ್ತವೆ. ಸಾಕುವವರು ಹೇಳಿದಂತೆ ಕೈಕಾಲು ತೊಳೆದೇ ಒಳಗೆ ಹೋಗಿ. 20 ಹುಳುಗಳನ್ನು ಬೇರೆ ತಟ್ಟೆಯಲ್ಲಿಟ್ಟು ಮೂರು ದಿನ ತೂಗಿ: ಕೊಟ್ಟ ಸೊಪ್ಪು, ಉಳಿಸಿದ ದಂಟು, ಹಿಕ್ಕೆ, ಹುಳುವಿನ ಮೈ. ಸೊಪ್ಪಿನಲ್ಲಿ ನೀರೇ ಹೆಚ್ಚಿರುವುದರಿಂದ ಅಷ್ಟೇ ತೂಕದ ಸೊಪ್ಪನ್ನು ಪಕ್ಕದಲ್ಲಿ ಒಣಗಿಸಿ ತೂಗಿದರೆ ಲೆಕ್ಕ ನೇರವಾಗುತ್ತದೆ. ಹಿಕ್ಕೆಯನ್ನೂ ಒಣಗಿಸಿಯೇ ತೂಗಿ. ಹುಳುವಿನ ಮೈಯಲ್ಲೂ ನೀರೇ ಹೆಚ್ಚು, ಅದನ್ನೂ ಲೆಕ್ಕದಲ್ಲಿ ಕಳೆಯಿರಿ. ಒಂದಷ್ಟು ಹಿಕ್ಕೆಯಾಗಿ ಕಂದು ಸರಪಳಿಗೆ ಹೋಯಿತು, ಒಂದಷ್ಟು ಉಸಿರಾಟದಲ್ಲಿ ಶಾಖವಾಗಿ ಹೋಯಿತು, ಉಳಿದದ್ದು ಮೈಯಾಯಿತು. ಸಾಕಿದ ಹುಳು ಅಲೆಯುವುದಿಲ್ಲ, ಶತ್ರುವಿನಿಂದ ಓಡುವುದಿಲ್ಲ. ಹಾಗಾಗಿ ಮೈಯ ಪಾಲು ಹತ್ತರಲ್ಲೊಂದಕ್ಕಿಂತ ಹೆಚ್ಚೇ ಬರುತ್ತದೆ, ಗಾಬರಿಯಾಗಬೇಡಿ. ಏಕೆ ಹೆಚ್ಚು ಬಂತು ಎಂದು ಮಕ್ಕಳು ಕೇಳಿದರೆ ಪಾಠ ಫಲಿಸಿದೆ ಎಂದೇ ತಿಳಿಯಿರಿ.

ಒಂದು ತಪ್ಪನ್ನು ಮಾತ್ರ ಕಲಿಸಬೇಡಿ. ಕೀಟನಾಶಕ ಡಿಡಿಟಿಯಂಥ, ಬೇಗ ವಿಘಟನೆಯಾಗದೆ ಮೈಯಲ್ಲೇ ಉಳಿಯುವ ವಿಷ ಸ್ತರದಿಂದ ಸ್ತರಕ್ಕೆ ದಟ್ಟವಾಗುತ್ತಾ ಹೋಗುವುದು ಜೈವಿಕ ಸಂವರ್ಧನೆ. ರಣಹದ್ದುಗಳ ನಾಶವನ್ನೂ ಅದಕ್ಕೇ ಉದಾಹರಣೆಯಾಗಿ ಕೊಡುವುದನ್ನು ಕೇಳಿದ್ದೇನೆ, ಅದು ಸರಿಯಲ್ಲ. ನೋವಿಗೆಂದು ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್, ಆ ದನ ಸತ್ತಾಗ ಹೆಣ ತಿಂದ ಹಕ್ಕಿಯ ಮೂತ್ರಪಿಂಡವನ್ನು ನೇರವಾಗಿ ಕೆಡಿಸಿತು. 2006ರಲ್ಲಿ ಪಶುವೈದ್ಯಕೀಯದಲ್ಲಿ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಹೋಗಿಯಾಗಿತ್ತು. ನಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದು ಉಳಿದವುಗಳಿಗಾಗಿ.

ಕೊಯ್ಲು ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೊಮ್ಮೆ ಹಗ್ಗ ಹಾಸಿ. ನೀರಿಲ್ಲದ, ಕೂಳೆ ಮಾತ್ರ ಉಳಿದ ಆ ಚೌಕದಲ್ಲಿ ಹಸಿರು ಬಣ್ಣದ ಪೆನ್ಸಿಲ್ಲಿಗೆ ಹೆಚ್ಚು ಕೆಲಸವಿರುವುದಿಲ್ಲ. ಕಂದು ಪೆನ್ಸಿಲ್ಲನ್ನು ಚೂಪು ಮಾಡಿಕೊಂಡು ಹೋಗಿ.